ಮಸಿ ಮೇಲಿದ್ದ ಮೂರು ಕಲ್ಲು

ಮಾಯಪ್ಪನ ಮನೆಗೆ ಆರು ಗಾಲಿ ಇದ್ದವು, ಒಲೆ ಮಾತ್ರ ಇರಲಿಲ್ಲ. ಶಾಲೆಯ ಮಕ್ಕಳನ್ನು ಹೊತ್ತು ಹೊತ್ತು ಹಳತಾದ ಒಂದು ಮಿನಿ ಬಸ್ಸನ್ನು ಕೊಂಡು, ಸೀಟು ಕಿತ್ತುಹಾಕಿ, ಒಳಗೆ ಕಬ್ಬಿಣದ ಮಂಚ, ನೀರಿನ ಡ್ರಮ್ಮು, ಬಟ್ಟೆಯ ಟ್ರಂಕು, ಮೂಲೆಯಲ್ಲಿ ದೇವರ ಫೋಟೋ ಎಲ್ಲ ಕೂಡಿಸಿದ್ದ. ಕಿಟಕಿಗಳಿಗೆ ಹೂವಿನ ಪರದೆ. ಹಿಂದಿನ ಗಾಜಿನ ಕೆಳಗೆ ಪೇಂಟರನಿಂದ ತನ್ನೂರು ಮಾಡಗ್ಯಾಳದ ತಳಿಯ ಒಂದು ಟಗರು ಬರೆಸಿದ್ದ. ಗಿಳಿಮೂಗಿನ ಆ ಟಗರನ್ನೂ ಸ್ಟೇರಿಂಗ್ ಹಿಡಿದು ಕುಳಿತವನನ್ನೂ ನೋಡಿದವರು ಇಬ್ಬರೂ ಒಂದೇ ಬಳಗ ಅನ್ನಬೇಕು, ಮೂಗು ಹಾಗಿತ್ತು. ಇಷ್ಟೆಲ್ಲ ಮಾಡಿದವನು ಗ್ಯಾಸ್ ಒಲೆ ಇಡಲು ಮಾತ್ರ ಒಪ್ಪಲಿಲ್ಲ. ಗಾಡಿ ಎಲ್ಲಿ ನಿಂತಿತೋ ಅಲ್ಲಿ ಇಳಿದು ಮೂರು ಕಲ್ಲು ಹುಡುಕಬೇಕು, ಕಟ್ಟಿಗೆ ಆರಿಸಬೇಕು, ಹೆಂಡತಿ ಸುಗಲವ್ವ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿಯಬೇಕು.

ಆ ಗಾಡಿ ಈಗ ಜತ್ತದ ಒಂದು ಗ್ಯಾರೇಜಿನ ಹಿಂದೆ ಇಟ್ಟಿಗೆಗಳ ಮೇಲೆ ನಿಂತಿದೆ. ಮಾಯಪ್ಪ ಹೋದ ಮಳೆಗಾಲದಲ್ಲಿ ತೀರಿಕೊಂಡ. ಟಗರಿನ ಬಣ್ಣ ಇನ್ನೂ ಹೋಗಿಲ್ಲ. ಆ ಕಡೆ ಹೋದಾಗ ನಾನು ಮುಖ ತಿರುಗಿಸಿಕೊಂಡು ನಡೆಯುತ್ತೇನೆ.

ನಾನು ಅವನ ಕಂಡಕ್ಟರ್. ನಮ್ಮಿಬ್ಬರ ನೌಕರಿಯ ಬಹುಪಾಲು ಜತ್ತ–ಮಿರಜ ರಸ್ತೆಯ ಕೆಂಪು ಬಸ್ಸಿನಲ್ಲೇ ಸವೆಯಿತು. ಅವನು ಕುರುಬರವನು, ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ಅವನು ಮಾತು ಕಡಿಮೆ, ನಾನು ಬಾಯಿ ಮುಚ್ಚಿದರೆ ಜ್ವರ ಬರುತ್ತದೆ. ಹೊಂದಿಕೆ ಚೆನ್ನಾಗಿತ್ತು. ಒಂದೇ ಒಂದು ವಿಷಯಕ್ಕೆ ನಾನು ಅವನ ಮೇಲೆ ಹರಿಹಾಯುತ್ತಿದ್ದೆ. ಡಫಳಾಪುರ ದಾಟಿದರೆ ಸಾಕು, ಒಂದೊಂದು ತಿರುವಿನಲ್ಲೂ ಗಾಡಿ ಹಗುರ ಮಾಡುತ್ತಿದ್ದ. ಸ್ಟಾಪಿಲ್ಲ, ಕೈ ಮಾಡಿದವರಿಲ್ಲ, ದನ ಅಡ್ಡ ಬಂದಿಲ್ಲ. ಕುತ್ತಿಗೆ ಹೊರಳಿಸಿ ಹೊಲಗಳ ಕಡೆ ನೋಡುತ್ತ ಆಮೆಯ ಹಾಗೆ ನಡೆಸುವುದು.

“ಯಾಕಪಾ ಮಾಯಪ್ಪಣ್ಣ, ಪಂಚರ್ ಆತೇನ?” ಎಂದು ನಾನು ಹಿಂದಿನಿಂದ ಕೂಗಿದರೆ, “ಕಂಡಕ್ಟರ, ನೀ ತಿಕೀಟ ಹರಿ,” ಅನ್ನುವುದು. ಪ್ಯಾಸೆಂಜರುಗಳು ನಗುತ್ತಿದ್ದರು. ಮಿರಜದಲ್ಲಿ ಲೇಟಿಗೆ ಬೈಸಿಕೊಳ್ಳುವವನು ನಾನು.

ಒಂದು ಬೇಸಿಗೆಯಲ್ಲಿ ಅದೇ ರಸ್ತೆಯಲ್ಲಿ ಬಸ್ಸು ನಿಜವಾಗಿಯೂ ಕೆಟ್ಟು ನಿಂತಿತು. ಪ್ಯಾಸೆಂಜರುಗಳನ್ನು ಬೇರೆ ಗಾಡಿಗೆ ಹತ್ತಿಸಿದೆವು. ಮೆಕ್ಯಾನಿಕ್ ಬರುವವರೆಗೆ ಬೇವಿನ ನೆರಳಿನಲ್ಲಿ ಕುಳಿತಿದ್ದಾಗ ಅವನು ತಾನಾಗಿಯೇ ಬಾಯಿ ಬಿಟ್ಟ.

“ಇಲ್ಲೇ ಎಲ್ಲೋ ನಮ್ಮವ್ವ ಅದಾಳೋ ಗುರಪಾ,” ಅಂದ.

ಅವನು ಇನ್ನೂ ಚಿಕ್ಕವನಿದ್ದಾಗ ಅವರ ಮನೆಯವರು ಮಾಡಗ್ಯಾಳದಿಂದ ಕುರಿ ಹೊಡೆದುಕೊಂಡು ಪಡುವಣ ದಿಕ್ಕಿಗೆ, ಹೊಳೆಯ ಸೀಮೆಗೆ ಹೋಗುತ್ತಿದ್ದರಂತೆ. ದಾರಿಯುದ್ದಕ್ಕೂ ಅವರಿವರ ಹೊಲದಲ್ಲಿ ಕುರಿ ತರುಬುವುದು. ಅಂದರೆ ರಾತ್ರಿಯೆಲ್ಲ ಹಿಂಡನ್ನು ಅಲ್ಲಿಯೇ ಕೂಡಿಹಾಕುವುದು. ಹೊಲಕ್ಕೆ ಗೊಬ್ಬರ, ಕುರುಬರಿಗೆ ಕಾಳು. ಹೀಗೆ ತಂಗಿದ್ದ ಒಂದು ಕಡೆ ಅವ್ವನಿಗೆ ಜ್ವರ ಏರಿತು. ಎಲ್ಲರಿಗೂ ನೀಡಿ, ತಾನು ಉಣ್ಣದೆ ಮಲಗಿದವಳು ಏಳಲಿಲ್ಲ. ಅಲ್ಲಿಯೇ ಹಳ್ಳದ ದಂಡೆಗೆ ಮಣ್ಣು ಮಾಡಿದರು. ಮರುದಿನ ಹಿಂಡು ಮುಂದಕ್ಕೆ ನಡೆಯಲೇಬೇಕು, ಕುರಿಯ ಹೊಟ್ಟೆ ಯಾರ ಸಾವಿಗೂ ಕಾಯುವುದಿಲ್ಲ.

“ತಂಗಿದ್ದ ಜಾಗಾ ಬಿಡೂ ಮುಂದ ಒಲಿ ಕಲ್ಲ ಬ್ವಾರಲ ಹಾಕಿ ಹೋಗೂದು ನಮ್ಮ ಮಂದಿ ರೂಢಿ. ಮಸಿ ಮಾರಿ ನೆಲಕ್ಕ. ಮಸಿ ಮ್ಯಾಲ ಬಿಟ್ರ ಇನ್ನೂ ಯಾರೋ ಉಣ್ಣಾಕ ಬರೂದೈತಿ ಅಂದಂಗ. ಅವತ್ತ ನಮ್ಮಪ್ಪ ಮೂರೂ ಕಲ್ಲ ಅವ್ವನ ತಲಿ ಕಡೆ ಇಟ್ಟ, ಬ್ವಾರಲ ಹಾಕಲಿಲ್ಲ. ‘ಆಕಿ ಇನ್ನೂ ಉಂಡಿಲ್ಲ’ ಅಂದ.”

ಆಮೇಲೆ ಅಪ್ಪ ಕುರಿ ಮಾರಿ, ಇವನನ್ನು ಸೋದರಮಾವನ ಮನೆಯಲ್ಲಿ ಬಿಟ್ಟ. ಜಾಗ ಯಾವುದೆಂದು ಕೇಳುವ ವಯಸ್ಸು ಬಂದಾಗ ಹೇಳಲು ಅಪ್ಪ ಇರಲಿಲ್ಲ. ಮಾಯಪ್ಪನ ನೆನಪಿನಲ್ಲಿ ಉಳಿದದ್ದು ಇಷ್ಟು: ಹಳ್ಳ ಎಡಕ್ಕೆ ತಿರುಗುತ್ತದೆ, ಬನ್ನಿ ಮರವಿದೆ, ಎದುರಿಗೆ ಎತ್ತಿನ ಡುಬ್ಬದಂಥ ಗುಡ್ಡ ಕಾಣುತ್ತದೆ. ನಮ್ಮ ಸೀಮೆಯಲ್ಲಿ ಯಾವ ಹಳ್ಳ ಎಡಕ್ಕೆ ತಿರುಗುವುದಿಲ್ಲ? ಯಾವ ಬದುವಿನ ಮೇಲೆ ಬನ್ನಿಯಿಲ್ಲ? ಅವತ್ತಿನಿಂದ ಅವನು ಗಾಡಿ ಹಗುರ ಮಾಡಿದರೆ ಸುಮ್ಮನೆ ತಿಕೀಟು ಹರಿಯುತ್ತಿದ್ದೆ.

ನಿವೃತ್ತಿಯಾದ ಕೂಡಲೇ ಈ ಆರು ಗಾಲಿಯ ಮನೆ ಹುಟ್ಟಿತು. ಒಬ್ಬಳೇ ಮಗಳನ್ನು ಮದುವೆ ಮಾಡಿ ಕೊಟ್ಟಾಗಿತ್ತು. “ರಿಟಾಯರ ಆದವರು ಕಟ್ಟಿ ಮ್ಯಾಲ ಕುಂದರ್ತಾರ. ನಿಮ್ಮಣ್ಣ ನನ್ನ ಗಾಡ್ಯಾಗ ಕುಂದ್ರಿಸ್ಯಾನ ನೋಡ್ರಿ,” ಎಂದು ಸುಗಲವ್ವ ನನ್ನೆದುರು ದೂರಿದಳು. ದೂರು ಸುಳ್ಳಿನದು. ಪರದೆಯ ಬಟ್ಟೆ ಆರಿಸಿದವಳು ಅವಳೇ. ಗಂಡನಿಗೆ ಏನು ಬೇಕಾಗಿದೆ ಎಂಬುದೂ ಅವಳಿಗೆ ಗೊತ್ತಿತ್ತು: ಅವ್ವನ ಜಾಗ ಹುಡುಕಿ, ಅದೇ ಕಲ್ಲಿನ ಮೇಲೆ ಒಂದು ಹೊತ್ತು ಅಡುಗೆ ಮಾಡಿ, ಅವ್ವನಿಗೆ ಒಂದು ತುತ್ತು ಇಡಬೇಕು. ಬೇರೆ ಯಾವ ಆಸೆಯೂ ಆ ಮನುಷ್ಯನಿಗೆ ಇದ್ದದ್ದು ನಾನು ಕಾಣೆ.

ಹಿಂಡು ತಂಗುತ್ತಿದ್ದ ಹೊಲಗಳೇ ಅವನ ನಿಲ್ದಾಣಗಳು. ಸನಮಡಿಯ ಬಯಲು, ಜತ್ತದ ಈಚೆಯ ಮಡ್ಡಿ, ಡಫಳಾಪುರದ ಹಳ್ಳಗಳು. ಆದರೆ ಹೊಲಗಳು ಅವೇ ಆಗಿರಲಿಲ್ಲ. ಕಾಲುವೆಯ ನೀರು ಬಂದ ಕಡೆ ದ್ರಾಕ್ಷಿ ಎದ್ದು ನಿಂತಿತ್ತು, ಸುತ್ತ ತಂತಿ, ಗೇಟಿಗೆ ಕ್ಯಾಮೆರಾ. ಒಬ್ಬ ಹೊಲದವನು ಇವನ ಮಾತೆಲ್ಲ ಕೇಳಿಸಿಕೊಂಡು ಹೇಳಿದನಂತೆ:

“ಕುರಿ ತಂದಿದ್ರ ಗೊಬ್ಬರ ಬೀಳ್ತಿತ್ತು, ನಿಂದ್ರು ಅಂತಿದ್ದೆ. ನಿನ್ನ ಗಾಡಿ ಏನ್ ಹಾಕ್ತೈತೋ, ಆಯಿಲೇನು?”

ಇದನ್ನು ಮಾಯಪ್ಪನೇ ನನಗೆ ನಗುತ್ತ ಹೇಳಿದ. ನಕ್ಕ ಮೇಲೆ, “ಆಂವ ಹೇಳಿದ್ದು ಖರೇನ ಐತಿ,” ಎಂದೂ ಸೇರಿಸಿದ.

ಒಮ್ಮೆ ಸನಮಡಿಯ ಹತ್ತಿರ ಅವರ ಗಾಡಿಯ ಪಕ್ಕಕ್ಕೆ ಪುಣೆಯ ಕಡೆಯ ಬಿಳಿಯ ದೊಡ್ಡ ಗಾಡಿಯೊಂದು ಬಂದು ನಿಂತಿತು. ಅದೂ ಮನೆಯೇ. ಒಳಗೆ ಫ್ರಿಜ್ಜು, ಸ್ನಾನದ ಕೋಣೆ, ಮೇಲೆ ಸೋಲಾರ್. ನಿವೃತ್ತ ಸಾಹೇಬರು, ಅವರ ಹೆಂಡತಿ. ಮುಂದಿನ ಕ್ಯಾಂಪಿನ ಜಾಗ ಎಲ್ಲಿ ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರು. ಮೊಬೈಲಿನಲ್ಲಿ ಏನೂ ತೋರಿಸುತ್ತಿರಲಿಲ್ಲವಂತೆ. ಮಾಯಪ್ಪ ಟಗರಿನ ಚಿತ್ರ ತೋರಿಸಿದ, ಸುಗಲವ್ವ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಬಾಯಿ ಸಾಹೇಬರು ಮೂರು ಕಲ್ಲಿನ ಒಲೆಯ ಫೋಟೋ ತೆಗೆದುಕೊಂಡರು. ತಮಗೆ ಇಂಥಲ್ಲಿಗೇ ಹೋಗಬೇಕೆಂದೇನಿಲ್ಲ, ಮನಸ್ಸು ಬಂದಲ್ಲಿ ನಿಲ್ಲುತ್ತೇವೆ, ಅದೇ ಇದರ ಸುಖ ಎಂದರಂತೆ ಸಾಹೇಬರು.

“ನೀ ಏನಂದಿ?” ಎಂದು ನಾನು ಕೇಳಿದೆ.

“ನಮಗ ಒಂದ ಜಾಗಾಕ್ಕ ಹೋಗೂದೈತ್ರಿ, ಅದೊಂದ ಬಿಟ್ಟು ಎಲ್ಲಾ ಸಿಗ್ತಾವು ಅಂದೆ. ಪಾಪ, ಅವರು ನಕ್ರು.”

ಅವನ ಸಾಮಾನಿನಲ್ಲಿ ಒಂದು ವಿಚಿತ್ರ ವಸ್ತುವಿತ್ತು. ಸವೆದ ಬ್ರೇಕ್ ಲೈನರಿನ ತುಂಡು, ಒಂದು ಮೂಲೆ ಹಾರಿದ್ದು. ನಮ್ಮ ಹಳೆಯ ಬಸ್ಸಿನದೇ. ಹೊಸ ಜಾಗದಲ್ಲಿ ಹೊಸ ಕಲ್ಲು ಎಂದೂ ನೆಟ್ಟಗೆ ಕೂರುವುದಿಲ್ಲ, ಗಡಿಗೆ ಅಲುಗಾಡುತ್ತದೆ. ಆಗ ಕಲ್ಲಿನ ಬುಡಕ್ಕೆ ಈ ತುಂಡನ್ನು ಒತ್ತು ಕೊಡುತ್ತಿದ್ದ. “ಗಾಡಿನೂ ನಿಲ್ಲಸ್ತೈತಿ, ಗಡಗಿನೂ ನಿಲ್ಲಸ್ತೈತಿ,” ಎಂಬುದು ಅವನ ಹೆಮ್ಮೆ. ಹೋದ ವರ್ಷಕ್ಕೂ ಹಿಂದಿನ ವರ್ಷ ಅದು ಕಳೆದುಹೋಯಿತು. ಡಫಳಾಪುರದ ಆಚೆ, ಆಳೆತ್ತರ ಜೋಳ ನಿಂತಿದ್ದ ಒಂದು ಹೊಲದ ಅಂಚಿನಲ್ಲಿ ಅನ್ನಕ್ಕೆ ಇಟ್ಟಿದ್ದರು. ಹೊಲದ ಕಾವಲುಗಾರ ಕೋಲು ಹಿಡಿದು, ನಾಯಿ ಬಿಟ್ಟುಕೊಂಡು ಬಂದ. ಅರೆಬೆಂದ ಅನ್ನದ ಗಡಿಗೆಯನ್ನು ಸುಗಲವ್ವ ಸೆರಗಿನಲ್ಲಿ ಹಿಡಿದು ಗಾಡಿ ಹತ್ತಿದಳು. ಲೈನರ್ ಉಳಿಯಿತು. ಮಾಯಪ್ಪ ತಿಂಗಳುಗಟ್ಟಲೆ ಹಳಹಳಿಸಿದ. “ನಾ ಕಳದ್ರೂ ಇಷ್ಟ ನೆನಸ್ತಿದ್ದಿಲ್ಲ ಇಂವ,” ಎಂದು ಸುಗಲವ್ವ ನನ್ನೆದುರೇ ಚುಚ್ಚಿದಳು.

ಹೋದ ವರ್ಷ ಬೇಸಿಗೆಯಲ್ಲಿ ನನಗೆ ಫೋನು ಬಂತು.

“ಗುರಪಾ, ಅವ್ವ ಸಿಕ್ಕಳೋ!”

ಅಷ್ಟು ವರ್ಷಗಳಲ್ಲಿ ಆ ದನಿ ನಾನು ಕೇಳಿರಲಿಲ್ಲ. ಸಿಕ್ಕ ಬಸ್ಸು ಹತ್ತಿ ಡಫಳಾಪುರಕ್ಕೆ ಹೋದೆ, ಅಲ್ಲಿಂದ ಅವನು ಹೇಳಿದ ಹೊಸ ಕಚ್ಚಾ ರಸ್ತೆ ಹಿಡಿದು ನಡೆದೆ. ಎರಡೂ ಕಡೆ ಜೆಸಿಬಿ ಹೊಲಗಳನ್ನು ಹೊರಳಿಸಿ ಮಟ್ಟ ಮಾಡಿತ್ತು, ದ್ರಾಕ್ಷಿಗೆ ಕಂಬ ನೆಡುತ್ತಿದ್ದರು. ಹಳ್ಳದ ದಂಡೆಯ ಒಂದು ಪಟ್ಟಿ ಮಾತ್ರ ಉಳಿದಿತ್ತು. ಅಲ್ಲೊಂದು ಬನ್ನಿ ಮರ, ಬುಡದಲ್ಲಿ ಮೂರು ಕಲ್ಲು, ಮಸಿ ಮೇಲೆ. ಮಾಯಪ್ಪ ಅವಕ್ಕೆ ಅರಿಷಿಣ ಕುಂಕುಮ ಹಚ್ಚಿ, ಹಸಿರು ಸೀರೆ ಹೊದಿಸಿ, ಕಾಯಿ ಒಡೆದಿದ್ದ. ನನ್ನ ಕೈ ಹಿಡಿದು ಗುಡ್ಡ ತೋರಿಸಿದ. “ನೋಡು, ಎತ್ತಿನ ಡುಬ್ಬ!” ನಾನು ಹೌದೆಂದೆ. ಅಷ್ಟು ವರ್ಷ ಮಸಿ ಉಳಿಯುತ್ತದೆಯೇ ಎಂಬ ಅನುಮಾನ ಬಂತು. ನಮ್ಮ ಕಡೆಯ ಮಳೆ ಮಸಿ ತೊಳೆಯುವಷ್ಟು ಎಲ್ಲಿ ಬರುತ್ತದೆ ಎಂದು ನಾನೇ ಸಮಾಧಾನ ಹೇಳಿಕೊಂಡೆ. ನಗುವವನ ಮುಖ ನೋಡುತ್ತ ಅನುಮಾನ ಪಡುವುದು ಸುಲಭವಲ್ಲ.

ಅವನು ಕಟ್ಟಿಗೆ ಆರಿಸಲು ಹೋದಾಗ, ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಸುಗಲವ್ವ ತಲೆ ಎತ್ತದೆ ಮಾತಾಡಿದಳು.

“ಆ ಬಲಗಡೆ ಕಲ್ಲಿನ ಮೂಲಿ ಒಡದೈತಲ್ರಿ, ಅದು ನನ್ನ ಕೈಲೆ ಒಡದದ್ದು.”

“ಏನ್ ಹಂಗಂದ್ರ ವೈನಿ?”

“ಇದು ನಮ್ಮ ಒಲೀರಿ. ನಾಯಿ ಬಿಟ್ಟು ಎಬ್ಬಿಸಿದ್ರಲ್ಲ, ಅದ ಹೊಲ ಇದು. ಅವಾಗ ಜ್ವಾಳ ನಿಂತಿತ್ತು, ಗುಡ್ಡ ಕಂಡಿದ್ದಿಲ್ಲ. ಈಗ ಆ ಕಡೆ ದಾರಿಲೆ ಬಂದೇವಿ, ಅವರಿಗೆ ಗುರತ ಹತ್ತಿಲ್ಲ. ಆ ಗದ್ದಲದಾಗ ನಾ ಕಲ್ಲ ಬ್ವಾರಲ ಹಾಕಲಾರದ ಓಡಿದ್ದೆ.” ಅವಳ ಕಣ್ಣಲ್ಲಿ ನೀರಿತ್ತು, ಉಳ್ಳಾಗಡ್ಡಿಯದು ಎಂದು ನಾನು ಅಂದುಕೊಳ್ಳಲಿಲ್ಲ. “ಹೇಳಬ್ಯಾಡ್ರಿ. ಒಂದು ಹೊತ್ತು ಅಡಗಿ ಮಾಡ್ಲಿ.”

ಅವನು ಬಂದ. ಸೀರೆಯನ್ನು ಮೆಲ್ಲಗೆ ಎತ್ತಿ ಕೊಂಬೆಗೆ ಹಾಕಿ, ಬೆಂಕಿ ಹೊತ್ತಿಸಿದ. ಹೆಂಡತಿಗೆ ಕೈ ಹಚ್ಚಲು ಬಿಡಲಿಲ್ಲ. ಎಸರಿನ ಗಡಿಗೆ ಇಟ್ಟ. ಗಡಿಗೆ ತುಸು ಅಲುಗಾಡಿತು. ಒಡೆದ ಮೂಲೆಯ ಕಲ್ಲಿನ ಬುಡಕ್ಕೆ ಬೆರಳು ತೂರಿಸಿ, ಮಣ್ಣು ಕೆದರಿ ಸಮ ಮಾಡತೊಡಗಿದ. ಆಗ ಕೈಗೆ ಏನೋ ಸಿಕ್ಕಿತು. ತೆಗೆದು ಧೋತರಕ್ಕೆ ಒರೆಸಿದ.

ಬ್ರೇಕ್ ಲೈನರಿನ ತುಂಡು.

ಅದರ ಹಾರಿದ ಮೂಲೆಯನ್ನು ಹೆಬ್ಬೆರಳಿನಿಂದ ಸವರುತ್ತ ಕುಳಿತ. ಎಸರು ಕುದಿಯಿತು.

“ನಿನಗ ಗೊತ್ತಿತ್ತೇನ?” ಎಂದು ಹೆಂಡತಿಯನ್ನು ಕೇಳಿದ.

“ಹೂಂ.”

“ಹೇಳಬಾರದಿತ್ತೇನ?”

“ನೀವು ನಕ್ಕಿದ್ರಿ,” ಎಂದಳು ಸುಗಲವ್ವ. “ಭಾಳ ವರ್ಷಕ್ಕ.”

ಅವನು ಗಡಿಗೆ ಇಳಿಸಿ, ನೀರು ಚೆಲ್ಲಿ ಬೆಂಕಿ ಆರಿಸಿದ. ಕೊಂಬೆಯ ಸೀರೆ ಮಡಚಿ ಅವಳ ಕೈಗೆ ಕೊಟ್ಟು, “ನೀ ಉಡು,” ಅಂದ. ಆಮೇಲೆ ಬಗ್ಗಿ ಒಂದೊಂದೇ ಕಲ್ಲನ್ನು ಬೋರಲು ಹಾಕಿದ. ಕಲ್ಲು ಕಾದಿದ್ದವು. “ಕೈ ಸುಡ್ತಾವು, ತಡೀರಿ, ಅರಿವಿ ಕೊಡ್ತೀನಿ,” ಎಂದು ಸುಗಲವ್ವ ಓಡಿ ಬಂದಳು. ಅಷ್ಟರಲ್ಲಿ ಮೂರೂ ಕಲ್ಲು ಮಸಿ ಮುಖವನ್ನು ನೆಲಕ್ಕೆ ಹಾಕಿದ್ದವು. ಸುತ್ತಲಿನ ಮಟ್ಟ ಮಾಡಿದ ಕೆಂಪು ಮಣ್ಣನ್ನು ಅವನು ಒಮ್ಮೆ ನೋಡಿದ.

“ಇನ್ನ ಎಲ್ಲಿ ಅಂತ ಹುಡಕ್ಲಿ ಗುರಪಾ? ಎಲ್ಲಾ ಕೆದರಿ ಹಾಕ್ಯಾರ. ಅವ್ವನ್ನೂ ಕೆದರಿರಬೇಕು.”

ಮೂವರೂ ಗಾಡಿ ಹತ್ತಿದೆವು. ಅಭ್ಯಾಸಬಲದಿಂದ ನಾನು ಬಾಗಿಲಿನ ತಗಡಿಗೆ ಎರಡು ಸಲ ತಟ್ಟಿದೆ, ಹಳೆಯ ಡಬಲ್ ಬೆಲ್ಲಿನ ಹಾಗೆ. ಗಾಡಿ ಹೊರಟಿತು. ಆಮೇಲೆ ನಾನು ಅವನನ್ನು ನೋಡಿದ್ದು ಮಾಡಗ್ಯಾಳದಲ್ಲಿ, ಮಣ್ಣಿಗೆ ಇಡುವ ದಿನ. ಸುಗಲವ್ವ ತಲೆಯ ಕಡೆ ಇಡಲು ಮಸಿ ಹಿಡಿದ ಕಲ್ಲಿಗಾಗಿ ಓಣಿಯೆಲ್ಲ ತಿರುಗಿದಳು. ಎಲ್ಲರ ಮನೆಯಲ್ಲೂ ಗ್ಯಾಸು. ಕೊನೆಗೆ ತೊಳೆದಂತಿದ್ದ ಮೂರು ಬಿಳಿ ಕಲ್ಲು ತಂದಿಟ್ಟಳು.

ಆದರೆ ನನಗೆ ನೆನಪಾಗುವುದು ಅದಲ್ಲ, ಕಲ್ಲು ಬೋರಲು ಹಾಕಿ ಬಂದ ಅವತ್ತಿನ ಹಾದಿ. ರಸ್ತೆಗೆ ಬಿದ್ದ ಮೇಲೆ ನಾನು ಹಿಂದಿನ ಮಂಚದ ಮೇಲೆ ಕುಳಿತು ಕಾಯುತ್ತಿದ್ದೆ. ಮೊದಲ ತಿರುವು ಬಂತು. ಎರಡನೆಯದು ಬಂತು. ಹಳ್ಳ ಎಡಕ್ಕೆ ತಿರುಗಿತು, ಬನ್ನಿ ಮರ ಬಂದು ಹೋಯಿತು. ಒಂದು ಕಡೆಯೂ ಮಾಯಪ್ಪ ಗಾಡಿ ಹಗುರ ಮಾಡಲಿಲ್ಲ, ಕುತ್ತಿಗೆ ಹೊರಳಿಸಲಿಲ್ಲ. ನಾನು ಇಳಿಯಬೇಕಾದ ಸ್ಟಾಪು ಬಂತು, ದಾಟಿಯೂ ಹೋಯಿತು. ನಾನು ತಗಡು ತಟ್ಟಲಿಲ್ಲ.