ಧನುಶ್ರೀ ಅಳಿಸದ ಆನೆ

ಬೆಳಗ್ಗೆ ಆರೂವರೆ. ದುಬಾರೆ ಆನೆ ಶಿಬಿರದ ಈಚೆ ದಡದಲ್ಲಿ ಮಾವುತ ಬೀರ ಅಂಗಿ ಬಿಚ್ಚಿ ನಿಂತಿದ್ದಾರೆ. ಹೊಳೆ ಮೇಲಿನ ಥಂಡಿ ಗಾಳಿಗೆ ಮೈಯೆಲ್ಲ ಮುಳ್ಳೆದ್ದಿದೆ. "ಬೀರಣ್ಣ, ಎದೆ ಉಬ್ಬಿಸಬೇಡಿ. ಆನೆ ಊದ್ಕೊಂಡಂಗೆ ಕಾಣ್ತದೆ," ಎಂದು ಮೊಬೈಲ್ ಹಿಡಿದ ಧನುಶ್ರೀ ರೇಗುತ್ತಾರೆ. ಬೀರ ಉಸಿರು ಬಿಡುತ್ತಾರೆ, ಹೊಟ್ಟೆ ಮುಂದೆ ಬರುತ್ತದೆ. ಎಳೆದುಕೊಳ್ಳುತ್ತಾರೆ, ಆನೆ ಮತ್ತೆ ಉಬ್ಬುತ್ತದೆ. ಮೂವರೂ ನಗುತ್ತೇವೆ. ರಾತ್ರಿ ಮೇಯಲು ಬಿಟ್ಟ ನಿಜವಾದ ಆನೆಯನ್ನು ಆಚೆ ಕಾಡಿನಿಂದ ಕರೆತರುವ ಹೊತ್ತು ಮೀರುತ್ತಿದೆ ಅಂತ ಬೀರ ಅವರಿಗೆ ಅವಸರ. ಬಿಸಿಲು ಬಿದ್ದರೆ ಚರ್ಮ ಮಿಂಚಿ ಸುಳ್ಳು ಹೇಳುತ್ತದೆ ಅಂತ ಧನುಶ್ರೀಗೆ ಅವಸರ.

ಬೀರ ಅವರ ಎಡ ಎದೆಯ ಮೇಲಿರುವ ಆನೆಯನ್ನು ನೀವು ನೋಡಬೇಕಿತ್ತು! ಅಂಗೈಗಿಂತ ಸ್ವಲ್ಪ ದೊಡ್ಡದು. ನಮ್ಮನ್ನೇ ದುರುಗುಟ್ಟಿ ನೋಡುತ್ತಿದೆ. ಕಿವಿಯ ಅಂಚಿನ ಹರುಕು, ಸೊಂಡಿಲಿನ ಸುಕ್ಕು, ಹಣೆ ಮೇಲಿನ ನಾಲ್ಕು ಕೂದಲು, ಎಲ್ಲ ಇದೆ. ಹಚ್ಚೆ ಹಾಕಿ ಏಳು ತಿಂಗಳಾದರೂ ಗೆರೆ ಒಂದಿಷ್ಟೂ ಹರಡಿಲ್ಲ. ಇವತ್ತು ಹತ್ತು ಗಂಟೆಯೊಳಗೆ ಈ ಫೋಟೊ ಬೆಂಗಳೂರು ಸೇರಬೇಕು. ಅಲ್ಲಿ ನಡೆಯುವ ಹಚ್ಚೆ ಕಲಾವಿದರ ಮೇಳಕ್ಕೆ ಸಣ್ಣ ಊರುಗಳಿಂದ ಹನ್ನೆರಡು ಜನರನ್ನಷ್ಟೇ ಆರಿಸುತ್ತಾರೆ. ಧನುಶ್ರೀಗೆ ಇದು ಮೂರನೇ ಪ್ರಯತ್ನ. ಒಂದೇ ತೊಂದರೆ. ಈ ಆನೆಯಲ್ಲಿ ಒಂದು ತಪ್ಪಿದೆ, ಅದು ಧನುಶ್ರೀಗೂ ಗೊತ್ತು.

ತಪ್ಪು ಏನಂತ ಆಮೇಲೆ ಹೇಳುತ್ತೇನೆ, ಮೊದಲು ಈ ಹುಡುಗಿಯ ಕಥೆ ಕೇಳಿ. ಕುಶಾಲನಗರದ ಪಕ್ಕದ ಹಳ್ಳಿಯವರು, ಇಪ್ಪತ್ತೆಂಟು ವರ್ಷ. ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆ ನಿಂತ ಮನೆತನ. ಅಪ್ಪ ದೇವರಾಜು ಜೋಳ, ಶುಂಠಿ ಬೆಳೆಯುತ್ತಾರೆ. ಮಗಳು ಟೀಚರ್ ಆಗಲಿ ಅಂತ ಡಿ.ಎಡ್‌ಗೆ ಸೇರಿಸಿದರೆ, ಆಕೆ ಮೈಸೂರಲ್ಲಿ ಹಚ್ಚೆ ಮೆಷಿನ್ ಹಿಡಿಯೋದನ್ನು ಕಲಿತು ಬಂದರು. "ಹಲಸಿನಕಾಯಿ, ಬಾಳೆಹಣ್ಣು, ಆಮೇಲೆ ನನ್ನ ತೊಡೆ. ಇಷ್ಟರ ಮೇಲೆ ಕಲಿತಿದ್ದು ಸಾರ್," ಎನ್ನುತ್ತಾರೆ. ಆರು ವರ್ಷದ ಹಿಂದೆ ಕುಶಾಲನಗರದಲ್ಲಿ ಒಂದು ಕೋಣೆಯ ಅಂಗಡಿ ತೆರೆದರು. ಪಕ್ಕದಲ್ಲಿ ಸುನಿಲ್ ಎಂಬ ಗೆಳೆಯನ ಮೊಬೈಲ್ ರಿಪೇರಿ ಅಂಗಡಿ. ಆರು ವರ್ಷದಲ್ಲಿ ಸಾವಿರದ ನೂರಕ್ಕೂ ಹೆಚ್ಚು ಮೈಗಳ ಮೇಲೆ ಸೂಜಿ ಆಡಿಸಿದ್ದಾರೆ. ಆದರೆ ಇನ್‌ಸ್ಟಾಗ್ರಾಮ್ ಪೇಜ್ ತೆರೆದು ನೋಡಿ, ಇರುವ ಫೋಟೊ ನೂರನಲವತ್ತಮೂರು!

ಉಳಿದದ್ದೆಲ್ಲ ಎಲ್ಲಿ ಹೋಯಿತು? ನಾನೂ ಅದನ್ನೇ ಕೇಳಿದೆ. ಹಾಕಿದ ದಿನದ ಫೋಟೊವನ್ನು ಧನುಶ್ರೀ ಎಂದೂ ಹಂಚುವುದಿಲ್ಲ. ನಲವತ್ತು ದಿನ ಕಳೆಯಬೇಕು, ಸಿಪ್ಪೆ ಉದುರಬೇಕು, ಗಾಯ ಮಾಗಬೇಕು. "ಮೊದಲನೇ ದಿನ ಎಲ್ಲಾರ ಕೆಲಸಾನೂ ಹೊಸ ಬಸ್ಸಿನಂಗೆ ಮಿಂಚ್ತದೆ. ನಮ್ಮ ಮಳೆ, ತೋಟದ ಬೆವರು, ಜಿಗಣೆ, ಎಲ್ಲ ತಡ್ಕೊಂಡು ಉಳೀತದಲ್ಲ, ಅದು ಹಚ್ಚೆ." ಬಂದ ಪ್ರವಾಸಿಗರು ಕಾಫಿಬೀಜವನ್ನೋ ಬೆಟ್ಟವನ್ನೋ ಹಾಕಿಸಿಕೊಂಡು ಊರಿಗೆ ಹೋಗಿಬಿಡುತ್ತಾರೆ. ನಲವತ್ತನೇ ದಿನ ಯಾರು ವಾಪಸ್ ಬರುತ್ತಾರೆ? ಹಾಗಾಗಿ ಪೇಜ್ ತುಂಬ ಇರುವುದು ಇಲ್ಲಿನವರೇ. ಜೀಪ್ ಡ್ರೈವರ್ ಮೊಣಕೈ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಭುಜ, ಕೂಲಿಯವರ ಲೈನ್ ಮನೆಯಿಂದ ಕಾಫಿ ಪಿಕ್ಕಿಂಗ್‌ಗೆ ಹೋಗುವ ಹೆಂಗಸರ ಮುಂಗೈ.

ಇನ್ನೊಂದು ನಿಯಮ. ಮೈಮೇಲೆ ಬರೆಸಿಕೊಂಡ ಹಳೇ ಪ್ರೀತಿಯ ಹೆಸರನ್ನು ಹೊಸ ಹಚ್ಚೆಯಿಂದ ಮುಚ್ಚಿಸಿಕೊಳ್ಳಲು ಬಂದವರ ಫೋಟೊ ಇಲ್ಲವೇ ಇಲ್ಲ. ಹೆಸರು ಮಾಯವಾಗಿ ಅಲ್ಲೊಂದು ಹೂವು ಅರಳುವ ವಿಡಿಯೊಗೆ ಜನ ಮುಗಿಬೀಳುತ್ತಾರೆ, ಸುನಿಲ್ ದಿನಾ ಗೋಗರೆಯುತ್ತಾರೆ. ಧನುಶ್ರೀ ಜಗ್ಗುವುದಿಲ್ಲ. "ಆ ಹೆಸರಿನೋರು ಇಲ್ಲೇ ಸಂತೇಲಿ ಸಿಗ್ತಾರೆ ಸಾರ್. ಅವರೇನು ಮಾಡಿದ್ರು ನನಗೆ?" ಎನ್ನುತ್ತಾರೆ.

ಇಷ್ಟು ದಾಟಿದ ಫೋಟೊ ಕೊನೆಗೆ ಹೋಗುವುದು ಅಜ್ಜಿಯ ಮುಂದೆ. ಅಜ್ಜಿ ಚಲುವಮ್ಮನವರಿಗೆ ಎಂಬತ್ತೆರಡು. ಮುಂಗೈಯಲ್ಲಿ ಹಸಿರು ಹಚ್ಚೆಯ ಚುಕ್ಕಿಗಳು ಇವತ್ತಿಗೂ ಗಟ್ಟಿ. ಅವರು ಕನ್ನಡಕ ತೆಗೆದಿಟ್ಟು, ಮೊಬೈಲನ್ನು ತೋಳುದ್ದ ದೂರ ಹಿಡಿದು ನೋಡಬೇಕು. ಏನಂತ ಗೊತ್ತಾದರೆ ಪಾಸ್, ಇಲ್ಲದಿದ್ದರೆ ಇಲ್ಲ. ದೂರದಿಂದ ತಿಳಿಯದ ಹಚ್ಚೆ ಹತ್ತು ವರ್ಷದ ಮೇಲೆ ಹತ್ತಿರದಿಂದಲೂ ತಿಳಿಯುವುದಿಲ್ಲ ಎಂಬುದು ಮೊಮ್ಮಗಳ ಲೆಕ್ಕಾಚಾರ. ಮೂರು ದಿನ ಕೂತು ಹಾಕಿದ ಒಂದು ಸಿಂಹಕ್ಕೆ ಅಜ್ಜಿ "ಹೂಕೋಸು ಚೆನ್ನಾಗೈತೆ" ಅಂದುಬಿಟ್ಟರಂತೆ! ಆ ಸಿಂಹ ಇವತ್ತಿಗೂ ಪೇಜ್ ಮೇಲಿಲ್ಲ.

ಇಂಥ ಹಟದ ಫಲ ಏನಾಯಿತು? ಎರಡು ವರ್ಷವೂ ಮೇಳದವರು ಬೇಡ ಅಂದರು. ಫೋಟೊಗಳಲ್ಲಿ ಮಿಂಚಿಲ್ಲವಂತೆ. "ಹೊರಗಿನೋರು ಒಂದು ಸಲ ಭೇಷ್ ಅನ್ನಲಿ, ಆಮೇಲೆ ನಾನು ತುಟಿ ಪಿಟಕ್ ಅನ್ನಲ್ಲ. ಇಲ್ಲಾಂದ್ರೆ ಈ ಯುಗಾದಿಗೆ ಅಂಗಡಿ ಮುಚ್ಚಿ ಡಿ.ಎಡ್ ಮುಗಿಸು," ಎಂದು ಅಪ್ಪ ಗಡುವು ಹಾಕಿದ್ದಾರೆ. ಅಷ್ಟರಲ್ಲಿ ಮೇಳದ ನಿಯಮ ಬದಲಾಗಬೇಕೇ! ಈ ವರ್ಷ ಮಾಗಿದ ಹಚ್ಚೆಯ ಫೋಟೊ ಮಾತ್ರ ಕಳಿಸಬೇಕು, ಒಬ್ಬರಿಗೆ ಒಂದೇ. ಆರಿಸಿದರೆ ಹಚ್ಚೆ ಹಾಕಿಸಿಕೊಂಡವರನ್ನೂ ಕರೆತರಬೇಕು. ಧನುಶ್ರೀ ಅಂಗಡಿಯಲ್ಲೇ ಕುಣಿದರಂತೆ. ಕಣ್ಣ ಮುಂದೆ ಬಂದದ್ದು ಬೀರ ಅವರ ಆನೆ ಒಂದೇ. ಅಜ್ಜಿ ತೋಳುದ್ದದಿಂದ ನೋಡಿ "ಆನೆ. ಮುಂಗೋಪದ್ದು," ಎಂದು ತಕ್ಷಣ ಹೇಳಿದ ಆನೆ ಅದು.

ಫೋಟೊ ಪೇಜ್‌ಗೆ ಹೋಯಿತು. ನಾಲ್ಕು ದಿನದಲ್ಲಿ ಹದಿನೆಂಟು ಸಾವಿರ ಲೈಕ್! ಐದನೇ ದಿನ ಶಿಬಿರದ ಇನ್ನೊಬ್ಬ ಮಾವುತ ಮಲ್ಲ ಫೋನ್ ಮಾಡಿದರು. "ಅಕ್ಕಾ, ಇದು ಯಾರ ಆನೆ? ನಮ್ಮ ಚಂದ್ರಹಾಸಂಗೆ ಮೊಂಡಿರೋದು ಎಡದ ದಂತ. ಇದಕ್ಕೆ ಬಲದ್ದಲ್ವಾ?"

ಧನುಶ್ರೀ ಹಳೇ ಚಿತ್ರ ತೆಗೆದು ನೋಡಿದರು. ಹಚ್ಚೆಗೆಂದು ಬೀರ ಕೊಟ್ಟದ್ದು ತಾವು ನೋಡಿಕೊಳ್ಳುವ ಆನೆ ಚಂದ್ರಹಾಸನ ಜೊತೆ ತೆಗೆದುಕೊಂಡ ಸೆಲ್ಫಿ. ಮುಂದಿನ ಕ್ಯಾಮೆರಾ ಕನ್ನಡಿಯ ಹಾಗೆ ಎಡವನ್ನು ಬಲ ಮಾಡಿಟ್ಟಿತ್ತು. ಇವರು ಅದನ್ನೇ ನೋಡಿ ಚಾಚೂ ತಪ್ಪದೆ ಬರೆದಿದ್ದರು. ದಂತ ಅದಲು ಬದಲಾಗಿ, ಜನ್ಮವೆಲ್ಲ ಉಳಿಯುವಂತೆ ಕೂತಿತ್ತು. "ಅವತ್ತು ಊಟ ಸೇರಲಿಲ್ಲ. ಮಗೂದು ಚಿತ್ರ ಬರೆದು ಮುಖ ಬೇರೆ ಯಾರದೋ ಬರೆದಂಗಾಯ್ತು. ಮಾವುತರಿಗೆ ಆನೆ ಅಂದ್ರೆ ಏನೂಂತ ನನಗೆ ಗೊತ್ತಿಲ್ವಾ?"

ಸುನಿಲ್ ಹತ್ತಿರ ಸುಲಭದ ದಾರಿಯಿತ್ತು. ಫೋಟೊವನ್ನು ಎಡಬಲ ತಿರುಗಿಸಿ ಕಳಿಸು, ಒಂದು ಒತ್ತು ಸಾಕು, ಯಾರಪ್ಪನಿಗೂ ಗೊತ್ತಾಗಲ್ಲ. ಧನುಶ್ರೀ ಒತ್ತಿಯೂ ನೋಡಿದರು, ಅದನ್ನು ಮುಚ್ಚಿಡದೆ ಹೇಳುತ್ತಾರೆ. ದಂತ ಸರಿಹೋಯಿತು, ಆನೆ ಬೀರ ಅವರ ಬಲ ಎದೆಗೆ ಬಂತು. "ಎಡಗಡೇನೇ ಬೇಕು, ಎದೆ ಬಡ್ಕೊಳ್ಳೋ ಜಾಗದ ಮೇಲೆ, ಅಂತ ಕೇಳಿ ಹಾಕಿಸ್ಕೊಂಡಿದ್ರು. ಆನೆ ಸರಿ ಮಾಡೋಕೆ ಹೋಗಿ ಮನುಷ್ಯನ್ನ ತಪ್ಪು ಮಾಡ್ಲಾ? ಥೂ ಅನ್ನಿಸ್ತು. ವಾಪಸ್ ತಿರುಗಿಸಿಬಿಟ್ಟೆ."

ಮರುದಿನವೇ ಸ್ಕೂಟಿ ಹತ್ತಿ ಬೀರ ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡರು. ಸೊಪ್ಪು, ಬಿದಿರೆಲೆ ಏನಾದರೂ ಬರೆದು ದಂತ ಮುಚ್ಚಿಕೊಡುತ್ತೇನೆ ಎಂದರು. ಬೀರ ಒಳಗಿಂದ ಕೈಯಗಲದ ಕನ್ನಡಿ ತಂದು ಎದೆಯ ಮುಂದೆ ಹಿಡಿದರಂತೆ. "ನೋಡವ್ವಾ, ಯಾವ ಕಡೆ ಮೊಂಡು?" ಕನ್ನಡಿಯಲ್ಲಿ ಎಡದ್ದೇ ಮೊಂಡು! ಈಗ ಹೊಳೆದಂಡೆಯಲ್ಲಿ ನನಗೂ ಅದನ್ನೇ ಹೇಳುತ್ತಾರೆ. "ನನ್ನ ಎದೆ ನಾನು ನೋಡೋದು ಕನ್ನಡೀಲಿ. ದಿನಾ ಬೆಳಗ್ಗೆ ನೋಡ್ತೀನಿ, ನನ್ನ ಚಂದ್ರನೇ. ಒಂದು ಎಲೆನೂ ಬರೀಬೇಡ ಅಂದೆ."

ತಮಾಷೆ ಅದಲ್ಲ. ಬೀರ ಅವರ ಹೆಂಡತಿ ಬೆಳ್ಳಿಗೆ ಮೊದಲನೇ ದಿನವೇ ಗೊತ್ತಾಗಿತ್ತು. "ಎದುರು ನಿಂತು ನೋಡೋಳು ನಾನೊಬ್ಬಳೇ ತಾನೆ? ಅಷ್ಟು ಖುಷೀಲಿ ಬಂದವ್ರೆ, ಯಾಕೆ ಹೇಳಿ ಬೇಜಾರು ಮಾಡಲಿ ಅಂತ ಸುಮ್ನಿದ್ದೆ," ಎನ್ನುತ್ತಾರೆ. ಏಳು ತಿಂಗಳು! ನಮ್ಮ ಮನೆಯಲ್ಲಾಗಿದ್ದರೆ ಏಳು ನಿಮಿಷ ತಡೆಯುತ್ತಿರಲಿಲ್ಲ.

ಧನುಶ್ರೀ ಫೋಟೊ ಅಳಿಸಲಿಲ್ಲ. ಕೆಳಗೆ ನಾಲ್ಕು ಸಾಲು ಸೇರಿಸಿದರು. "ಚಂದ್ರಹಾಸನಿಗೆ ಮೊಂಡಿರುವುದು ಎಡದ ದಂತ. ನಾನು ಸೆಲ್ಫಿ ನೋಡಿ ಬಲಕ್ಕೆ ಹಾಕಿದೆ. ತಪ್ಪು ನನ್ನದು. ಬೀರಣ್ಣ ತಿದ್ದಲು ಬಿಡುತ್ತಿಲ್ಲ." ಮೇಳಕ್ಕೂ ಇದೇ ಸಾಲುಗಳ ಜೊತೆ ಕಳಿಸುವುದೆಂದು ನಿರ್ಧರಿಸಿದರು. ಹಳೇ ಫೋಟೊ ಬೇಡ, ಇವತ್ತಿನದ್ದೇ ಇರಲಿ ಅಂತ ಈ ಬೆಳಗಿನ ಸಾಹಸ. ಸುನಿಲ್ ತಲೆ ಚಚ್ಚಿಕೊಂಡರು. "ಸೋಲೋದಕ್ಕೇ ಇಷ್ಟು ಕಷ್ಟಪಡ್ತಾಳಲ್ಲ ಸಾರ್ ಇವಳು!" ಒಂಬತ್ತೂ ಮುಕ್ಕಾಲಿಗೆ ಧನುಶ್ರೀ ಕಣ್ಣು ಮುಚ್ಚಿ ಕಳಿಸುವ ಗುಂಡಿ ಒತ್ತಿದರು. ಆಮೇಲೆ ನನ್ನನ್ನು ನೋಡಿ, "ಹೋದ್ರೆ ಹೋಗ್ಲಿ," ಎಂದರು.

ಎಂಟು ದಿನ ಕಳೆಯಿತು. ನಾನು ಇಷ್ಟನ್ನು ಬರೆದು ಮುಗಿಸುವ ಹೊತ್ತಿಗೆ ಫೋನ್ ಬರುತ್ತದೆ. ಆ ಕಡೆ ಮಾತಿಲ್ಲ, ಬರೀ ಕಿರುಚಾಟ! ಧನುಶ್ರೀ, ಸುನಿಲ್, ಹಿಂದೆ ಅಜ್ಜಿಯ "ಏನಾಯ್ತೇ? ಏನಾಯ್ತು?" ಹನ್ನೆರಡರಲ್ಲಿ ಏಳನೇ ಹೆಸರು ಇವರದು. ನನಗೂ ಕುರ್ಚಿಯಲ್ಲಿ ಕೂರಲಾಗುವುದಿಲ್ಲ. ಅಪ್ಪ ಏನಂದರು ಎಂದು ಕೇಳುತ್ತೇನೆ. "ತುಟಿ ಪಿಟಕ್ ಅಂದಿಲ್ಲ ಸಾರ್. ಟವೆಲಲ್ಲಿ ಮುಖ ಒರೆಸ್ಕೊಂಡು ಶುಂಠಿ ಹೊಲಕ್ಕೆ ಹೋದ್ರು."

ಬೀರ ಬರಲು ಒಪ್ಪಿದ್ದಾರೆ. ಎರಡು ದಿನ ಚಂದ್ರಹಾಸನಿಗೆ ಮಲ್ಲ ಮುದ್ದೆ ತಿನ್ನಿಸಬೇಕು, ಗದರಬಾರದು, ಅಷ್ಟೇ ಅವರ ಷರತ್ತು. ಏನೇನು ಬೇಕಾಗುತ್ತದೆ ಹೇಳಿ ಎಂದು ಮೇಳದವರು ಧನುಶ್ರೀಗೆ ದೊಡ್ಡ ಪಟ್ಟಿಯನ್ನೇ ಕಳಿಸಿದ್ದಾರಂತೆ. ದೀಪ, ಪರದೆ, ಕುರ್ಚಿ, ಟಿವಿ. ನೀವೇನು ಕೇಳಿದಿರಿ ಅನ್ನುತ್ತೇನೆ.

"ಒಂದು ಕನ್ನಡಿ ಸಾರ್. ಆಳೆತ್ತರದ್ದು. ಬೀರಣ್ಣನ ಮುಂದೆ ಇಡ್ತೀನಿ. ನೋಡೋಕೆ ಬಂದೋರು ಒಂದು ಸಲ ಅವರ ಹಿಂದೆ ಹೋಗಿ ನಿಂತು ಕನ್ನಡೀಲಿ ನೋಡಲಿ."