ಅಪ್ಪನ ಕೈಯಿಂದ ತ್ರೀ ನಾಟ್ ತ್ರೀ

ಬರ್ಮಿಂಗ್‌ಹ್ಯಾಮಿನ ಆ ಹಳೇ ಬಂದೂಕಿನ ಅಂಗಡಿಯವನು ರೈಫಲನ್ನು ಎರಡೂ ಕೈಯಲ್ಲಿ ಎತ್ತಿ ಮೊದಲು ನನ್ನ ಗಂಡನ ಮುಂದೆ ಹಿಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಫೋನಿನಲ್ಲಿ ಮಾತಾಡಿದವಳು ನಾನು, ಮುಂಗಡ ಕಳಿಸಿದವಳು ನಾನು, ಕೊವೆಂಟ್ರಿಯಿಂದ ಕಾರು ಓಡಿಸಿಕೊಂಡು ಬಂದವಳೂ ನಾನು. ಕೊಳ್ಳುತ್ತಿರುವುದು ಯಾರು ಅಂತ ಸ್ವಲ್ಪ ಖಾರವಾಗಿಯೇ ಹೇಳಿದೆ. ಪಾಪ, ಅವನ ಮುಖ ಕೆಂಪಾಯಿತು. "ಸಾರಿ, ಬ್ಯಾಬ್," ಅಂದ. ಆ ಊರಿನಲ್ಲಿ ಹೆಂಗಸರನ್ನೆಲ್ಲ ಹಾಗೆಯೇ ಕರೆಯುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ ರೈಫಲ್ ಚಾಚಿದ. ನಾನು ಥಟ್ಟನೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಮುಟ್ಟೋದಿಲ್ವಾ?" ಅಂದ ನನ್ನ ಗಂಡ.

"ನೀವೇ ಹಿಡ್ಕೊಳ್ರೀ. ನಾನು ಅಪ್ಪನ ಕೈಯಿಂದ ತಗೋತೀನಿ."

ಅಂಗಡಿಯವನಿಗೆ ಇದು ಅರ್ಥವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಓದುವ ನಿಮಗೆ ಹೇಳುತ್ತೇನೆ. ನಾನು ಬೆಳೆದದ್ದು ಹಾಸನದ ಪೊಲೀಸ್ ಕ್ವಾರ್ಟರ್ಸಿನಲ್ಲಿ. ಅಪ್ಪ ರಿಸರ್ವ್ ಪೊಲೀಸಿನಲ್ಲಿ ಪೇದೆ. ಅವರ ಸರ್ವೀಸೆಲ್ಲ ಕಳೆದದ್ದು ಒಂದು ತ್ರೀ ನಾಟ್ ತ್ರೀ ರೈಫಲ್ಲಿನ ಜೊತೆ. ಸಂಜೆ ಅದು ಆಯುಧ ಇಡುವ ಆರ್ಮರಿಗೆ ಹೋಗುತ್ತಿತ್ತು, ಅಪ್ಪ ಮನೆಗೆ ಬರುತ್ತಿದ್ದರು. ಆಯುಧಪೂಜೆಯ ದಿನ ಮಾತ್ರ ನಮ್ಮನ್ನೆಲ್ಲ ಆರ್ಮರಿಯ ಒಳಗೆ ಬಿಡುತ್ತಿದ್ದರು. ರೈಫಲ್ಲುಗಳು ಸಾಲಾಗಿ ನಿಂತಿರುತ್ತಿದ್ದವು. ಆಯಾ ಪೇದೆಯ ಮಗ ಅಪ್ಪನ ರೈಫಲ್ಲಿಗೆ ಕುಂಕುಮ ಹಚ್ಚಿ, ಹೂವು ಸಿಕ್ಕಿಸಿ, ಅಪ್ಪ ಕೈಗೆ ಕೊಟ್ಟರೆ ಒಂದು ಗಳಿಗೆ ಹಿಡಿದುಕೊಂಡು ಬೀಗುತ್ತಿದ್ದ. ಹೆಣ್ಣುಮಕ್ಕಳ ಪಾಲಿಗೆ ಅರಿಶಿನ ಕುಂಕುಮದ ತಟ್ಟೆ. ನಮ್ಮಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಪಕ್ಕದ ಮನೆಯ ಹುಡುಗ ಬಂದು ನಮ್ಮಪ್ಪನ ರೈಫಲ್ ಹಿಡಿಯುತ್ತಿದ್ದ. ನಾನು ತಟ್ಟೆ ಹಿಡಿದುಕೊಂಡು ಅವನ ಮುಖವನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದೆ. ಒಂದು ವರ್ಷ ತಡೆಯಲಾರದೆ, "ನನಗೂ ಕೊಡಿ ಅಪ್ಪ," ಅಂದೆ. "ನಿನ್ ಕೈಗೆ ಅದು ಬ್ಯಾಡ ಕಣವ್ವ," ಅಂದರು. ಅಷ್ಟೇ. ಬೈಯಲೂ ಇಲ್ಲ, ಕಾರಣ ಹೇಳಲೂ ಇಲ್ಲ.

ಡಾಕ್ಟರಾದೆ, ಈ ದೇಶಕ್ಕೆ ಬಂದೆ, ಇಲ್ಲಿ ಜಿಪಿ ಅನ್ನುವ ಫ್ಯಾಮಿಲಿ ಡಾಕ್ಟರ್ ಆದೆ, ಕೂದಲು ನರೆಯಿತು. ಆ ಆಸೆ ಮಾತ್ರ ನರೆಯಲಿಲ್ಲ. ಈ ವರ್ಷ ಅಪ್ಪ ವೀಸಾ ಸಿಕ್ಕಿ ನಮ್ಮಲ್ಲಿಗೆ ಬಂದು, ಆಯುಧಪೂಜೆಯೂ ಇಲ್ಲೇ ಆಗುತ್ತದೆ ಅಂತ ಗೊತ್ತಾದ ದಿನ ತೀರ್ಮಾನ ಮಾಡಿಬಿಟ್ಟೆ. ಈ ಸಲ ರೈಫಲ್ ಬರಬೇಕು, ಅಪ್ಪ ಅದನ್ನು ನನ್ನ ಕೈಗೆ ಕೊಡಬೇಕು.

"ನಿನಗೆ ತಲೆ ಕೆಟ್ಟಿದೆ," ಅಂದ ಗಂಡ. ಕಾರು ಕಂಪನಿಯಲ್ಲಿ ಎಂಜಿನಿಯರ್ ಆದವನಿಗೆ ಎಲ್ಲದರಲ್ಲೂ ಅಪಾಯ ಕಾಣುತ್ತದೆ. "ಕ್ಲಿನಿಕ್ಕಿನಲ್ಲಿ ಪೇಷೆಂಟ್‌ಗಳಿಗೆ ಗೊತ್ತಾದ್ರೆ ಏನಂದ್ಕೋತಾರೆ?"

"ಟೈಮಿಗೆ ಸರಿಯಾಗಿ ಮಾತ್ರೆ ತಗೋತಾರೆ."

ಅಂಗಡಿಯವನು ಮೊದಲು ಒಂದು ಹೊಸ ನಕಲು ತೋರಿಸಿದ್ದ. ಥೇಟ್ ಹಳೆಯದರ ಹಾಗೆಯೇ ಇತ್ತು. ಆದರೆ ಅದನ್ನು ಕೊಳ್ಳಬೇಕಾದರೆ, ಹಳೇ ಯುದ್ಧಗಳನ್ನು ವೇಷ ಹಾಕಿಕೊಂಡು ಮತ್ತೆ ಆಡಿ ತೋರಿಸುವ ಸಂಘವೊಂದರಲ್ಲಿ ಸದಸ್ಯಳಾಗಿರಬೇಕಂತೆ. ಸೀರೆ ಉಟ್ಟುಕೊಂಡು ಕೆಸರಿನಲ್ಲಿ ಬಿದ್ದು ಹೊರಳಾಡುವ ನನ್ನನ್ನು ನೆನೆದು ಗಂಡ ಅಲ್ಲೇ ನಗತೊಡಗಿದ. ಅಸಲಿ ರೈಫಲ್ಲಿಗೆ ಆ ರಗಳೆ ಇರಲಿಲ್ಲ. ಕೊಳವೆಯೊಳಗೆ ಉಕ್ಕು ತುಂಬಿ, ಗುಂಡು ತುಂಬಲು ಹಿಂದಕ್ಕೆಳೆಯುವ ಬೋಲ್ಟಿಗೆ ಬೆಸುಗೆ ಹಾಕಿ, ಇನ್ನೆಂದೂ ಗುಂಡು ಹಾರದ ಹಾಗೆ ಮಾಡಿದ್ದರು. ಹಾಗೆಂದು ಸರ್ಟಿಫಿಕೇಟೂ ಇತ್ತು. ಅವನು ಮರದ ಹಿಡಿಯ ಮೇಲಿನ ಕಬ್ಬಿಣದ ಪಟ್ಟಿ ತೋರಿಸಿದ. ಅಲ್ಲಿ ನಮ್ಮ ದೇಶದ, ಬಂಗಾಳದ ಬಂದೂಕು ಕಾರ್ಖಾನೆಯ ಮೊಹರು. ಬಂಗಾಳದಲ್ಲಿ ಹುಟ್ಟಿದ ರೈಫಲ್ ಬರ್ಮಿಂಗ್‌ಹ್ಯಾಮಿನಲ್ಲಿ ನನಗಾಗಿ ಕಾದು ನಿಂತಿದೆ. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚೌಕಾಸಿ ಮಾಡುವುದನ್ನೇ ಮರೆತೆ ನೋಡಿ, ಹಾಸನದವಳು ನಾನು.

ಹೊರಗೆ ಜನರ ಕಣ್ಣಿಗೆ ಬೀಳುವಂತೆ ಒಯ್ಯಬೇಡಿ ಅಂತ ಅಂಗಡಿಯವನು ಅದನ್ನು ಉದ್ದನೆಯ ಚೀಲಕ್ಕೆ ಹಾಕಿ ಕೊಟ್ಟ. ಗಂಡ ಅದನ್ನು ಕಾರಿನ ಡಿಕ್ಕಿಯಲ್ಲಿ ಮಲಗಿಸಿ, ಮೇಲೆ ಕಂಬಳಿ ಹೊದಿಸಿದ. ದಾರಿಯುದ್ದಕ್ಕೂ ನಾನು ಹಾಡಿಕೊಂಡೇ ಓಡಿಸಿದೆ. ನಮ್ಮ ಕಡೆಯವರ ಅಂಗಡಿಗಳಿರುವ ಫೋಲ್ಸ್‌ಹಿಲ್ ರಸ್ತೆಯಲ್ಲಿ ನಿಲ್ಲಿಸಿ ಬೂದುಗುಂಬಳಕಾಯಿ, ನಿಂಬೆಹಣ್ಣು ತಗೊಂಡೆ. ಸೂಪರ್‌ಮಾರ್ಕೆಟ್ಟಿನಲ್ಲಿ ಹಳದಿ ಸೇವಂತಿಗೆ ಇದ್ದಷ್ಟನ್ನೂ ಬಾಚಿಕೊಂಡು ಬಂದೆ.

ಅಪ್ಪ ಉಲ್ಲನ್ ಟೋಪಿ ಹಾಕಿಕೊಂಡು ಹೀಟರಿನ ಪಕ್ಕ ಕೂತಿದ್ದರು. ಚೀಲದ ಜಿಪ್ಪು ಅರ್ಧ ತೆರೆಯುವಷ್ಟರಲ್ಲೇ ಎದ್ದು ನಿಂತರು.

"ಇದೆಲ್ಲಿಂದ ತಂದ್ರಿ?"

"ನಾನು ಕೊಂಡ್ಕೊಂಡೆ ಅಪ್ಪ. ನಿಮ್ಮದೇ ತ್ರೀ ನಾಟ್ ತ್ರೀ."

ಅವರು ಟೋಪಿ ತೆಗೆದು ಪಕ್ಕಕ್ಕಿಟ್ಟರು. ರೈಫಲ್ ಎತ್ತಿಕೊಂಡು ಮೊಹರಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಬಲಗೈ ತಾನಾಗಿಯೇ ಬೋಲ್ಟಿಗೆ ಹೋಯಿತು. ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದು, ಕನ್ನಡಕ ಹಾಕಿಕೊಂಡು ನೋಡಿದರು.

"ಬೆಸುಗೆ ಹಾಕ್ಬಿಟ್ಟವ್ರಲ್ಲವ್ವ."

ಇಲ್ಲಿನ ಕಾನೂನೇ ಹಾಗೆ ಅಂತ ಹೇಳಿದೆ. ಹ್ಞೂಂ ಅಂದರು. ಸಂಜೆಯೆಲ್ಲ ಕೂತು ಮರದ ಭಾಗಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿದರು. ಅಳಿಯನಿಗೆ ಒಂದೊಂದೇ ಭಾಗದ ಹೆಸರು ಹೇಳಿಕೊಟ್ಟರು. ಬೇಡವೇ ಬೇಡ ಅಂದಿದ್ದ ನನ್ನ ಗಂಡ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಬಂದಾಗಿನಿಂದ ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಪೂಜೆಗೆಂದು ಕ್ಲಿನಿಕ್ಕಿನ ಡ್ಯೂಟಿ ಬದಲಾಯಿಸಿಕೊಂಡಿದ್ದೆ. ಡೈನಿಂಗ್ ಟೇಬಲ್ಲಿನ ಮೇಲೆ ನನ್ನ ಸ್ಟೆತಾಸ್ಕೋಪು, ಗಂಡನ ಲ್ಯಾಪ್‌ಟಾಪು, ಕಾರಿನ ಕೀ, ಈಳಿಗೆಮಣೆ, ನಡುವೆ ರೈಫಲ್. ತಟ್ಟೆಯನ್ನು ಗಂಡನ ಕೈಗೆ ಕೊಟ್ಟೆ. ಕುಂಕುಮವನ್ನು ನಾನೇ ಹಚ್ಚಿದೆ, ಸೇವಂತಿಗೆ ಸಿಕ್ಕಿಸಿದೆ. ಅಪ್ಪ ಮಂಗಳಾರತಿ ಎತ್ತಿದರು. ಆಮೇಲೆ ನಾನು ಅವರ ಎದುರು ನಿಂತು ಕೈ ಚಾಚಿದೆ.

"ಈಗ ಕೊಡಿ ಅಪ್ಪ."

"ಅಲ್ಲೇ ಐತಲ್ಲ. ತಗೊ."

"ತಗೊಳ್ಳಲ್ಲ. ನೀವು ಕೊಡಬೇಕು."

ಅವರು ರೈಫಲ್ ಎತ್ತಿಕೊಂಡರು. ಮತ್ತೆ ಬೋಲ್ಟಿನ ಮೇಲೆ ಕೈ ಇಟ್ಟು ಹಾಗೆಯೇ ನಿಂತರು. "ಆಗಲ್ಲ ಕಣವ್ವ," ಅಂದರು.

ನನ್ನ ಮುಖಕ್ಕೆ ರಕ್ತ ನುಗ್ಗಿತು. "ಇನ್ನೂ ಬ್ಯಾಡವಾ? ಯಾವಾಗ ಮತ್ತೆ? ನಾನು ಸತ್ತ ಮೇಲಾ?"

"ಅದಲ್ಲವ್ವ. ಬೋಲ್ಟ್ ತೆಗ್ದು, ಒಳಗೆ ಬೆರಳಿಟ್ಟು, ಖಾಲಿ ಅಂತ ತೋರಿಸ್ದೆ ಯಾರ ಕೈಗೂ ರೈಫಲ್ ಕೊಟ್ಟೋನಲ್ಲ ನಾನು. ಇದು ತೆಗೆಯೋಕೇ ಬರಲ್ಲ. ಹೆಂಗೆ ಕೊಡ್ಲಿ?"

"ಮಾವ, ಸರ್ಟಿಫಿಕೇಟ್ ಇದೆ," ಅಂದ ಗಂಡ, ತಟ್ಟೆ ಹಿಡಿದುಕೊಂಡೇ.

"ಕಾಗದ ನಂಬಿ ಮಗಳ ಕೈಗೆ ಕೊಡೋಕಾಯ್ತದಾ ಇದನ್ನ?"

ಕೊಳವೆಯ ತುಂಬ ಉಕ್ಕು ತುಂಬಿದೆ, ಅದೀಗ ಬರೀ ಕಬ್ಬಿಣದ ತುಂಡು ಅಂತ ನಾನು ವಾದ ಮಾಡಿದೆ. ಟಾರ್ಚು ತಂದು ತೋರಿಸಿದೆ. ಅಪ್ಪ ಇಣುಕಿ ನೋಡಿದರು, ತಲೆ ಅಲ್ಲಾಡಿಸಿದರು. ಅಳು ಬರುವ ಹಾಗಾಯಿತು ನನಗೆ. ಅಷ್ಟು ದೂರದಿಂದ ಹೊತ್ತು ತಂದದ್ದು ನನ್ನ ಕೈಗೆ ಬಾರದೆ ಹಾಗೆಯೇ ಗೋಡೆಯ ಅಲಂಕಾರವಾಗುತ್ತದೆ ಅಂದುಕೊಂಡೆ. ಬೇಡ ಬಿಡಿ, ಊಟಕ್ಕೆ ಏಳೋಣ ಅಂದೆ.

ಅಪ್ಪ ಕದಲಲಿಲ್ಲ. ಕೈಯಲ್ಲಿದ್ದ ರೈಫಲ್ಲನ್ನು ನಿಧಾನವಾಗಿ ತಿರುಗಿಸಿದರು. ಕೊಳವೆಯ ಬಾಯಿಯನ್ನು ತಮ್ಮ ಎದೆಗೆ, ಸ್ವೆಟರಿನ ಗುಂಡಿಯ ಪಕ್ಕಕ್ಕೆ ಒತ್ತಿಕೊಂಡು, ಮರದ ಹಿಡಿಯನ್ನು ನನ್ನ ಕಡೆ ಚಾಚಿದರು.

"ತಗೊ."

"ಅಪ್ಪ, ಅದನ್ನ ಆ ಕಡೆ ತಿರುಗಿಸಿ."

"ಒಳಗೇನಾದ್ರೂ ಉಳ್ದಿದ್ರೆ ನನಗಿರ್ಲಿ. ನೀನು ಹಿಡಿ."

ಒಳಗೆ ಏನೂ ಇಲ್ಲ ಅಂತ ನನಗೆ ಗೊತ್ತು. ಆದರೂ ಅಷ್ಟು ವರ್ಷ ಬೇಕು ಬೇಕು ಅಂದಿದ್ದವಳಿಗೆ ಆ ಗಳಿಗೆಯಲ್ಲಿ ಹೊಳೆದದ್ದು ಒಂದೇ, ಅದನ್ನು ಅವರ ಎದೆಯಿಂದ ಆಚೆ ತರಬೇಕು. ಎರಡೂ ಕೈಯಲ್ಲಿ ಎಳೆದುಕೊಂಡು, ಕೊಳವೆಯ ಬಾಯಿಯನ್ನು ನೆಲದ ಕಡೆ ಮಾಡಿ ಗಟ್ಟಿಯಾಗಿ ಹಿಡಿದೆ. ಎಣಿಸಿದ್ದಕ್ಕಿಂತ ಭಾರ ಇತ್ತು.

ಅಪ್ಪ ನನ್ನ ಕೈಗಳನ್ನು ನೋಡಿದರು, ನೆಲದ ಕಡೆ ತಿರುಗಿದ ಕೊಳವೆಯನ್ನು ನೋಡಿದರು.

"ಹ್ಞಾಂ," ಅಂದರು. "ಹಂಗೇ ಹಿಡೀಬೇಕು."