ಕೆಂಪು ದಾರದ ತಂಬೂರಿ

ಅವ್ವ ತೀರಿಕೊಂಡ ಮರುವರ್ಷ, ಎಪ್ಪತ್ತರ ದಶಕದ ಮೊದಲಲ್ಲಿ, ಅವಳ ತಂಬೂರಿಯನ್ನು ಅಣ್ಣ ರಿಪೇರಿಗೆಂದು ಬೈಲಹೊಂಗಲದಿಂದ ಮಿರಜಿಗೆ ಒಯ್ದ. ಅವನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹದಿನೈದು ದಿನಕ್ಕೆ ತಿರುಗಿ ತಂದ. ಅದೇ ಕಂದು ಪಾಲಿಶ್. ದನಿ ಬಿಚ್ಚಲೆಂದು ಅವ್ವ ತನ್ನ ಇಳಕಲ್ ಸೀರೆಯ ಸೆರಗಿನಿಂದ ಎಳೆದು ತಂತಿಯ ಕೆಳಗೆ ಸಿಕ್ಕಿಸಿದ್ದ ಕೆಂಪು ದಾರವೂ ಇತ್ತು.

ಮೀಟಿದೆ. ಅವ್ವನ ತಂಬೂರಿಯಾದರೆ ಕೈ ತೆಗೆದ ಮೇಲೂ ಸೋರೆಬುರುಡೆಯೊಳಗೆ ಯಾರೋ ಗುನುಗುತ್ತ ಕುಳಿತ ಹಾಗಿರುತ್ತಿತ್ತು. ಇದು ಠಣ್ ಎಂದು ಮುಗಿಯಿತು.

“ಅಣ್ಣಾ, ಇದು ಅವ್ವನ ತಂಬೂರಿ ಅಲ್ಲ.”

ಅವನು ಕಾಲೇಜಿನಿಂದ, ಬಡಿದರೆ ಒಂದೇ ಸ್ವರ ಕೊಡುವ ಉಕ್ಕಿನ ಶ್ರುತಿಕವೆ ತಂದ. ಮೊಣಕಾಲಿಗೆ ಬಡಿದು ಬುರುಡೆಯ ಮೇಲೆ ಊರಿದ. ತಂತಿಗೂ ಕವೆಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

“ಷಡ್ಜ ಸರಿ ಐತಿ. ಉಕ್ಕು ಸುಳ್ಳ ಹೇಳೂದಿಲ್ಲ ತಂಗಿ. ಅತ್ತು ಅತ್ತು ನಿನ್ನ ಕಿವಿ ಕೆಟ್ಟೈತಿ.”

ವಿಜ್ಞಾನ ಓದಿದವನು, ಮೇಲಾಗಿ ಅಣ್ಣ. ನಂಬಿದೆ. ಕೆಟ್ಟ ಕಿವಿಯವಳು ಹಾಡಿ ಏನಾಗಬೇಕೆಂದು ಹಾಡುವುದನ್ನೇ ಬಿಟ್ಟೆ. ಎಂಥ ಪೆದ್ದಿ ನಾನು.

ಎರಡು ವರ್ಷದ ಮೇಲೆ ನಾನೂ ಆ ಕಾಲೇಜು ಸೇರಿ ಅವನದೇ ಕ್ಲಾಸಿನಲ್ಲಿ ಕುಳಿತಿದ್ದೆ. ಅಂದಿನ ಪಾಠ ನಾದ. ಅದೇ ಕವೆ ಬಡಿದು, ಹಾರ್ಮೋನಿಯಂನ ಒಂದು ಮನೆ ಒತ್ತಿ, ಶ್ರುತಿ ಒಂದೇ ಇದ್ದರೂ ದನಿ ಬೇರೆ ಯಾಕೆಂದು ವಿವರಿಸಿದ. ಮೂಲ ಸ್ವರದ ಬೆನ್ನಿಗೇ ಏಳುವ ಉಪಸ್ವರಗಳು ಒಂದೊಂದು ವಾದ್ಯದಲ್ಲಿ ಒಂದೊಂದು ಪ್ರಮಾಣದಲ್ಲಿರುತ್ತವೆ. ನಾದದ ಗುಣ ಅದರಿಂದ. ನನ್ನ ಪೆನ್ನು ನಿಂತಿತು. ತಂತಿ ಬಿಗಿಯುವ ಬಿರಡೆ ತಿರುವಿದರೆ ಯಾವ ತಂಬೂರಿಯೂ ಆ ಕವೆಗೆ ಕೂಡುತ್ತದೆ. ಇದು ಅವನಿಗೆ ಅಂದೂ ಗೊತ್ತಿತ್ತು.

ಎದ್ದು ನಿಂತೆ. “ಸರ್, ಎರಡು ತಂಬೂರಿ ಒಂದ ಶ್ರುತಿಗೆ ಕೂಡಿಸಿದ್ರ, ಯಾವುದು ಯಾವುದಂತ ಕವೆ ಹೇಳತೈತೇನ್ರಿ?”

ಅವನು ಬೋರ್ಡಿನ ಕಡೆ ತಿರುಗಿದ. “ಇಲ್ಲ. ಅದಕ್ಕ ಕಿವೀನ ಬೇಕು.”

ಎಲ್ಲರೂ ಬರೆದುಕೊಂಡರು.

ಸಂಜೆ ಮನೆಯಲ್ಲಿ ತಾನಾಗಿಯೇ ಬಾಯಿಬಿಟ್ಟ. ಅವ್ವನ ತಂಬೂರಿ ಕಾಲೇಜಿನ ಚೇರ್ಮನ್ನರ ಮಗಳ ಕೋಣೆ ಸೇರಿತ್ತು. ಇವನ ನೌಕರಿ ಕಾಯಂ ಆಗಿತ್ತು. ಕೆಂಪು ದಾರ ಬಿಚ್ಚಿ ಇದಕ್ಕೆ ಹಾಕಿದವನೂ ಅವನೇ. ತಂಬೂರಿ ಹೋದದ್ದಕ್ಕಿಂತ ಆ ದಾರ ನನ್ನ ಹೊಟ್ಟೆ ಉರಿಸಿತು.

“ನಿನಗ ಗೊತ್ತಾಗೂದಿಲ್ಲಂತ ತಿಳಕೊಂಡಿದ್ನಿ,” ಅಂದ.

“ಅವತ್ತ ಗೊತ್ತಾಗಿತ್ತಲ್ಲಣ್ಣಾ. ಗೊತ್ತಾಗಿಲ್ಲಂತ ನನ್ನ ನಂಬಿಸಿದಾಂವ ನೀನ.”